ಪರಿಸರಕ್ಕೆ ಓಟು ಬೀಳುದಿಲ್ಲ ಅಂತ ಗಣೇಶಣ್ಣ ಹೇಳಿದ್ದಕ್ಕೆ

ಗಣೇಶಣ್ಣ, ನಮ್ಮ ಗ್ರೂಪಿನಲ್ಲಿ ನಿನ್ನೆ ನೀವು ಹಾಕಿದ ವಾಯ್ಸ್ ಮೆಸೇಜು ಪೂರ್ತಿ ಕೇಳಿದೆ. ಉತ್ತರ ಸ್ವಲ್ಪ ಉದ್ದ ಆಗ್ತದೆ, ಪುರುಸೊತ್ತಿರುವಾಗ ಕೇಳಿ. ಜರ್ಮನಿಯಲ್ಲಿ ಹಸಿರು ಪಕ್ಷ ಸರಕಾರದಲ್ಲೇ ಇತ್ತು, ನಮ್ಮ ಜನರಿಗೆ ಪರಿಸರ ಅಂದ್ರೆ ಲೆಕ್ಕಕ್ಕೇ ಇಲ್ಲ, ಹಾಗಾಗಿ ಈ ಸಲ ರಾಜಕಾಲುವೆ ಬದಿಯ ಮನೆಯವರೆಲ್ಲ ಬಹಿಷ್ಕಾರದ ಬ್ಯಾನರ್ ಕಟ್ಟುವ, ಇಲ್ಲದಿದ್ರೆ ಯಾರೂ ಬೇಡ ಅನ್ನುವ ನೋಟಾ ಒತ್ತುವ ಅಂತ ನೀವು ಹೇಳಿದ್ದು. ಅದರ ಕೆಳಗೆ ಶಾಂತಕ್ಕ ಕೇಳಿದ್ದು, ಬಾವಿ ನೀರು ಹಾಳಾದ್ರೆ ಯಾರ ಹತ್ರ ಹೋಗುದು ಅಂತ. ಶಾಂತಕ್ಕನ ಪ್ರಶ್ನೆಯಲ್ಲೇ ನಿಮ್ಮ ಪ್ರಶ್ನೆಗೆ ಉತ್ತರ ಉಂಟು.

ಮೊದಲು ಜರ್ಮನಿಯದ್ದು ಮುಗಿಸ್ತೇನೆ. ಅಲ್ಲಿ ಗ್ರೀನ್ ಪಕ್ಷ ಶುರುವಾದದ್ದು 1980ರಲ್ಲಿ. 1983ರಲ್ಲಿ ಅವರಿಗೆ ಬಿದ್ದದ್ದು ನೂರಕ್ಕೆ 5.6 ಓಟು, ಅಷ್ಟಕ್ಕೇ ಸಂಸತ್ತಿನ ಒಳಗೆ ಹೋದ್ರು. ಯಾಕೆಂದ್ರೆ ಅಲ್ಲಿ ದೇಶದಲ್ಲಿ ಪಕ್ಷಕ್ಕೆ ಒಟ್ಟು ಎಷ್ಟು ಓಟು ಬಿತ್ತು ಅಂತ ನೋಡಿ ಸೀಟು ಹಂಚುದು, ಶೇಕಡ 5 ದಾಟಿದ್ರೆ ಆಯ್ತು. ಬ್ರಿಟನ್ನಿನಲ್ಲಿ ನಮ್ಮ ಹಾಗೆಯೇ, ಕ್ಷೇತ್ರದಲ್ಲಿ ಯಾರು ಮುಂದೆಯೋ ಅವರದ್ದೇ ಗೆಲುವು. 2024ರಲ್ಲಿ ಅಲ್ಲಿಯ ಗ್ರೀನ್ ಪಕ್ಷಕ್ಕೆ ಶೇಕಡ 6ಕ್ಕಿಂತ ಹೆಚ್ಚು ಓಟು ಬಿದ್ರೂ 650ರಲ್ಲಿ ಸಿಕ್ಕಿದ್ದು 4 ಸೀಟು ಮಾತ್ರ. ಹಾಗಾಗಿ ನಮ್ಮಲ್ಲಿ ಹಸಿರು ಪಕ್ಷ ಗೆಲ್ಲದ್ದಕ್ಕೆ ಜನರನ್ನು ಬೈದು ಪ್ರಯೋಜನ ಇಲ್ಲ. ಚದುರಿದ ಓಟಿಗೆ ಈ ಪದ್ಧತಿಯಲ್ಲಿ ಬೆಲೆ ಇಲ್ಲ, ಒಂದೇ ಕಡೆ ಒಟ್ಟಾದ ಓಟಿಗೆ ಮಾತ್ರ ಬೆಲೆ.

ಇನ್ನೊಂದು, ಜರ್ಮನಿಯಲ್ಲೂ ಗ್ರೀನ್ ಪಕ್ಷದ ಓಟು ಇಳಿದದ್ದುಂಟು. 2021ರಲ್ಲಿ ಶೇಕಡ 14.8, 2025ಕ್ಕೆ 11.6. ಕಾರಣ ಒಂದೇ ಅಲ್ಲ, ಆದ್ರೆ ಅವರು ಸರಕಾರದಲ್ಲಿದ್ದಾಗ 2023ರಲ್ಲಿ ಒಂದು ಕಾನೂನು ಬಂತು, ಮನೆ ಬಿಸಿ ಮಾಡುವ ಹೊಸ ಯಂತ್ರ ಹಾಕಿಸಿದ್ರೆ ಅದು ಕನಿಷ್ಠ ಶೇಕಡ 65 ನವೀಕರಿಸಬಹುದಾದ ಇಂಧನದಲ್ಲಿ ನಡೀಬೇಕು ಅಂತ. ಖರ್ಚು ಯಾರದ್ದು, ಸಬ್ಸಿಡಿ ಎಷ್ಟು ಅಂತ ತೀರ್ಮಾನ ಆಗುವ ಮೊದಲೇ ಕರಡು ಹೊರಗೆ ಬಂತು. ಜನ ಹೆದರಿದ್ರು.

ಇದೇ ಕತೆ ನಮ್ಮ ಘಟ್ಟದ ಬುಡದಲ್ಲೂ ಆದದ್ದು. ಪಶ್ಚಿಮ ಘಟ್ಟ ಉಳಿಸುವ ಬಗ್ಗೆ ಎರಡು ವರದಿ ಬಂತು, ಗಾಡ್ಗೀಳ್ ಸಮಿತಿಯದ್ದು 2011ರದ್ದು, ಕಸ್ತೂರಿರಂಗನ್ ಸಮಿತಿಯದ್ದು 2013ರದ್ದು. ಕೇರಳದ ಇಡುಕ್ಕಿಯಲ್ಲಿ ಗಾಡ್ಗೀಳ್ ವರದಿ ಪರವಾಗಿ ಮಾತಾಡಿದ್ದ ಆಗಿನ ಸಂಸದ ಪಿ.ಟಿ. ಥಾಮಸ್ ಅವರಿಗೆ 2014ರಲ್ಲಿ ಟಿಕೆಟೇ ಸಿಗಲಿಲ್ಲ, ವರದಿ ವಿರೋಧಿಸಿದವರ ಬೆಂಬಲದಿಂದ ಪಕ್ಷೇತರ ಜೋಯ್ಸ್ ಜಾರ್ಜ್ ಗೆದ್ರು. ನಮ್ಮ ರಾಜ್ಯದ ಸಚಿವ ಸಂಪುಟ 2024ರ ಸೆಪ್ಟೆಂಬರಿನಲ್ಲಿ ಕಸ್ತೂರಿರಂಗನ್ ವರದಿ ಬೇಡ ಅಂತ ನಿರ್ಣಯ ಮಾಡಿತು. ಬೆಳ್ತಂಗಡಿ, ಸುಳ್ಯ, ಕಾರ್ಕಳ, ಕುಂದಾಪುರ ಕಡೆಯ ಕೃಷಿಕರು ಕಾಡಿನ ಶತ್ರುಗಳು ಅಂತ ನಾನು ಒಪ್ಪುದಿಲ್ಲ. ಕುಮ್ಕಿ ಜಾಗ (ಜಮೀನಿಗೆ ತಾಗಿ ಕೃಷಿಕರು ಬಳಸುವ ಸರಕಾರಿ ಜಾಗ) ಎಂತ ಆಗ್ತದೆ, ಮನೆ ಕಟ್ಲಿಕ್ಕೆ ಆಗ್ತದಾ, ತೋಟಕ್ಕೆ ರಸ್ತೆ ಮಾಡ್ಲಿಕ್ಕೆ ಬಿಡ್ತಾರಾ ಅಂತ ಅವರು ಕೇಳಿದ್ದಕ್ಕೆ ಕನ್ನಡದಲ್ಲಿ, ಊರಿಗೇ ಬಂದು, ಬರವಣಿಗೆಯಲ್ಲಿ ಉತ್ತರ ಕೊಡುವ ಕೆಲಸ ಸರಿಯಾಗಿ ಆಗಲಿಲ್ಲ. ಉತ್ತರ ಇಲ್ಲದ ಕಡೆ ಹೆದರಿಕೆಗೇ ಓಟು ಬೀಳುದು.

ಈಗ ನಮ್ಮ ಜನರಿಗೆ ಪರಿಸರ ಬೇಡ ಅಂತ ಹೇಳಿದ್ರಲ್ಲ. ಓಟು ಕೇಳ್ಲಿಕ್ಕೆ ಬಂದವರ ಹತ್ರ ಹೆಂಗಸರು ಎಂತ ಹೇಳ್ತಾರೆ ಕೇಳಿ ನೋಡಿ. ಬಾವಿ ನೀರು ಉಪ್ಪಾಯ್ತು, ಚರಂಡಿ ವಾಸನೆ, ಕಸದ ಗಾಡಿ ಬರುದಿಲ್ಲ, ಕಡಲು ತೆಂಗಿನ ಬುಡದವರೆಗೆ ಬಂತು, ಮೀನು ಸಿಗುದಿಲ್ಲ. ಇದೆಲ್ಲ ಪರಿಸರವೇ ಅಲ್ವಾ? ಚುನಾವಣೆಯ ಸರ್ವೆಗೆ ಪಟ್ಟಿ ಮಾಡುವವರು ನೀರು ಬೇರೆ, ಚರಂಡಿ ಬೇರೆ, ಕಡಲ್ಕೊರೆತ ಬೇರೆ ಅಂತ ಬರೀತಾರೆ, ಪರಿಸರ ಅಂತ ಕೊನೆಗೆ ಒಂದು ಸಾಲು ಉಳೀತದೆ, ಅದಕ್ಕೆ ಯಾರೂ ಗುರುತು ಹಾಕುದಿಲ್ಲ. 2019ರಲ್ಲೂ 2023ರಲ್ಲೂ ಬೇಸಿಗೆಯಲ್ಲಿ ತುಂಬೆ ಅಣೆಕಟ್ಟಿನಲ್ಲಿ ನೀರು ಇಳಿದು ಮಂಗಳೂರಿಗೆ ರೇಷನಿಂಗ್ ಆಯ್ತು, ಉಡುಪಿಗೆ ಬಜೆ ಅಣೆಕಟ್ಟಿನಿಂದ ಬರುವ ನೀರಿನ ಕತೆಯೂ ಅದೇ. ಆ ಎರಡೂ ಚುನಾವಣೆಯ ವರ್ಷಗಳೇ. 2019ರ ಆಗಸ್ಟಿನಲ್ಲಿ ಮಂಗಳೂರಿನ ಪಚ್ಚನಾಡಿಯ ಕಸದ ರಾಶಿ ಜಾರಿ ಮಂದಾರದ ಅಡಿಕೆ ತೆಂಗಿನ ತೋಟ ಮುಚ್ಚಿತು, ಅದೇ ನವೆಂಬರಿನಲ್ಲಿ ಪಾಲಿಕೆಯ 60 ವಾರ್ಡುಗಳಿಗೆ ಚುನಾವಣೆ. ಕಾಳಜಿ ಉಂಟು ಗಣೇಶಣ್ಣ. ಇಂಥ ಜಾಗ, ಇಂಥ ಕೆಲಸ, ಇಂಥ ಇಲಾಖೆ, ಇಷ್ಟು ದಿನದೊಳಗೆ, ಇಷ್ಟು ಮನೆಯವರು ಕೇಳ್ತಾ ಇದ್ದೇವೆ ಅಂತ ಬರೆದು ಕೊಡುವ ಕ್ರಮ ನಮ್ಮಲ್ಲಿ ಇಲ್ಲ. ಕೊರತೆ ಇರುದು ಅಲ್ಲಿ.

ಹಾಗಾಗಿ ಬಾವಿ ವಿಷಯಕ್ಕೆ ಬರುವ. ಶಾಂತಕ್ಕ, ನೀರು ಹಾಳು ಅಂದ್ರೆ ಸಾಕಾಗುದಿಲ್ಲ. ಉಪ್ಪು ಬಂದದ್ದಾ, ಕೊಳಚೆ ಸೇರಿದ್ದಾ ಅಂತ ಮೊದಲು ಗೊತ್ತಾಗ್ಬೇಕು, ಯಾಕೆಂದ್ರೆ ಎರಡಕ್ಕೂ ಕಚೇರಿ ಬೇರೆ ಬೇರೆ. ತಪ್ಪು ಕಚೇರಿಗೆ ಕೊಟ್ಟ ಅರ್ಜಿ ಆರು ತಿಂಗಳು ಫೈಲಿನಲ್ಲಿ ತಿರುಗ್ತದೆ. ಉಪ್ಪಾದ್ರೆ ಮಾರ್ಚಿನಿಂದ ಮೇವರೆಗೆ ಜಾಸ್ತಿ ಆಗಿ ಮಳೆ ಬಂದ ಮೇಲೆ ಇಳೀತದೆ, ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಗಳ ಒಟ್ಟು ಲೆಕ್ಕ) ಮತ್ತು ಕ್ಲೋರೈಡ್ (ಉಪ್ಪಿನ ಅಂಶ) ಏರ್ತದೆ. ಕೊಳಚೆಯಾದ್ರೆ ಇ-ಕೋಲಿ, ಅಂದ್ರೆ ಮಲದಿಂದ ಬರುವ ಬ್ಯಾಕ್ಟೀರಿಯಾ ಸಿಗ್ತದೆ, ನೈಟ್ರೇಟ್ ಜಾಸ್ತಿ ಇರ್ತದೆ, ಮಳೆಗಾಲದಲ್ಲಿ ಇನ್ನೂ ಹೆಚ್ಚಾಗ್ತದೆ. ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ ಒಂದು ಲೀಟರಿನಲ್ಲಿ ಟಿಡಿಎಸ್ 500 ಮಿಲಿಗ್ರಾಂ, ಕ್ಲೋರೈಡ್ 250 ಇದ್ರೆ ಒಳ್ಳೆಯದು. ಬೇರೆ ನೀರೇ ಇಲ್ಲದಿದ್ರೆ 2000 ಮತ್ತು 1000ದವರೆಗೆ ಒಪ್ತಾರೆ. ನೈಟ್ರೇಟ್ 45 ದಾಟಬಾರದು. ಇ-ಕೋಲಿ 100 ಮಿಲಿಲೀಟರಿನಲ್ಲಿ ಒಂದೂ ಇರಬಾರದು.

ಒಂದೇ ಬಾವಿಯ ರಿಪೋರ್ಟು ಹಿಡ್ಕೊಂಡು ಹೋದ್ರೆ ನಿಮ್ಮ ಮನೆಯ ಶೌಚದ ಗುಂಡಿಯದ್ದೇ ಇರಬೇಕು ಅಂತ ವಾಪಸು ಕಳಿಸ್ತಾರೆ. ರಾಜಕಾಲುವೆಗೆ ತಾಗಿದ ಎರಡು ಬಾವಿ, ಸ್ವಲ್ಪ ದೂರದ್ದು ಎರಡು, ಮತ್ತೆ ಮೇಲೆ ಗುಡ್ಡೆ ಬದಿಯದ್ದು ಒಂದು, ಹೀಗೆ ಐದು ಬಾವಿಯ ನೀರು ಒಂದೇ ದಿನ ತೆಗೀರಿ. ದೂರ ಹೋದ ಹಾಗೆ ಲೆಕ್ಕ ಇಳಿದ್ರೆ ಕಾಲುವೆಯದ್ದೇ ಅಂತ ಹೇಳ್ಲಿಕ್ಕೆ ಬಲ ಬರ್ತದೆ. ರಾಸಾಯನಿಕ ಪರೀಕ್ಷೆಗೆ ಎರಡು ಲೀಟರಿನ ಕ್ಯಾನು, ಅದೇ ನೀರಿನಲ್ಲಿ ಮೂರು ಸಲ ತೊಳೆದು ತುಂಬಿಸಿ. ಇ-ಕೋಲಿ ಪರೀಕ್ಷೆಗೆ ಲ್ಯಾಬಿನವರೇ ಕೊಡುವ ಸ್ಟೆರಿಲೈಸ್ ಮಾಡಿದ ಬಾಟ್ಲಿ, ಅದನ್ನು ತೊಳೀಲಿಕ್ಕಿಲ್ಲ, ಮುಚ್ಚಳದ ಒಳಗೆ ಬೆರಳು ತಾಗಿಸ್ಲಿಕ್ಕಿಲ್ಲ, ಕುತ್ತಿಗೆವರೆಗೆ ತುಂಬಿಸ್ಲಿಕ್ಕೂ ಇಲ್ಲ. ಐಸ್ ಹಾಕಿದ ಡಬ್ಬಿಯಲ್ಲಿಟ್ಟು ಅದೇ ದಿನ ಮುಟ್ಟಿಸಿ, 24 ಗಂಟೆ ದಾಟಿದ್ರೆ ಆ ಫಲಿತಾಂಶಕ್ಕೆ ಅರ್ಥ ಇಲ್ಲ. ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿದ ಕೂಡ್ಲೆ ನೀರು ತೆಗೀಬೇಡಿ, ಎಲ್ಲ ಸರಿ ಉಂಟು ಅಂತ ತಪ್ಪು ರಿಪೋರ್ಟು ಬರ್ತದೆ. ಇದು ತುಂಬ ಕಡೆ ಆಗುವ ಎಡವಟ್ಟು.

ಕೊಳಚೆ ಅಂತ ಬಂದ್ರೆ ಪಾಲಿಕೆಯ ಒಳಚರಂಡಿ ವಿಭಾಗ. ಮೇಲಿನ ವೆಟ್‌ವೆಲ್ ನೋಡಿ, ಅಂದ್ರೆ ಕೊಳಚೆ ಒಟ್ಟಾಗಿ ಪಂಪಿನಲ್ಲಿ ಮುಂದೆ ಹೋಗುವ ಬಾವಿ. ಕರೆಂಟು ಹೋದಾಗ ಜನರೇಟರ್ ನಡೆಯದಿದ್ರೆ, ಇಲ್ಲ ಎರಡನೇ ಪಂಪು ಕೆಟ್ಟು ಕೂತಿದ್ರೆ, ತುಂಬಿದ ಕೊಳಚೆ ಸೀದಾ ತೋಡಿಗೆ ಹೋಗ್ತದೆ. ಹಾಗಾಗಿ ಒಳಚರಂಡಿ ಸರಿ ಮಾಡಿ ಅಂತ ಬರೀಬೇಡಿ. ಇಂಥ ವೆಟ್‌ವೆಲ್‌ಗೆ ಸ್ಟ್ಯಾಂಡ್‌ಬೈ ಪಂಪು ಮತ್ತು ಜನರೇಟರ್ ಬೇಕು, ಪಂಪಿನ ಲಾಗ್ ಬುಕ್ಕು ತಿಂಗಳಿಗೊಮ್ಮೆ ವಾರ್ಡ್ ಕಮಿಟಿ ಸಭೆಯಲ್ಲಿ ಇಡಬೇಕು ಅಂತ ಬರೀರಿ.

ಉಪ್ಪು ಅಂತ ಬಂದ್ರೆ ಹೊಳೆಯ ಕಿಂಡಿ ಅಣೆಕಟ್ಟು (ಕಿಂಡಿಗಳಿಗೆ ಹಲಗೆ ಹಾಕಿ ನೀರು ನಿಲ್ಲಿಸುವ ಸಣ್ಣ ಕಟ್ಟ) ನೋಡ್ಬೇಕು, ಅದು ಹೆಚ್ಚಿನ ಕಡೆ ಸಣ್ಣ ನೀರಾವರಿ ಇಲಾಖೆಯದ್ದು. ಉಡುಪಿ ಕಡೆಯವರಿಗೆ ಇದು ಹೊಸತಲ್ಲ. ಮಳೆ ನಿಂತು ಹೊಳೆಯಲ್ಲಿ ಸಿಹಿನೀರು ಹರಿಯುವಾಗಲೇ ಹಲಗೆ ಹಾಕ್ಬೇಕು. ತಡ ಆದ್ರೆ ಸಿಹಿನೀರು ಕಡಲಿಗೆ ಹೋಗಿ ಆಗಿರ್ತದೆ, ಭರತದಲ್ಲಿ, ಅಂದ್ರೆ ಕಡಲು ಏರುವಾಗ, ಉಪ್ಪುನೀರು ಮೇಲೆ ಬಂದಿರ್ತದೆ. ಆಮೇಲೆ ಹಲಗೆ ಹಾಕಿದ್ರೆ ಉಪ್ಪನ್ನೇ ಒಳಗೆ ಕಟ್ಟಿ ಹಾಕಿದ ಹಾಗೆ ಆಗ್ತದೆ. ಹಲಗೆ ಹಾಕುದು ಯಾರು, ತೆಗೆದ ಮೇಲೆ ಎಲ್ಲಿ ಇಡುದು, ಸಂದಿಗೆ ಮಣ್ಣು ತುಂಬಿಸುದು ಯಾರು, ಟೆಂಡರ್ ಯಾವ ತಿಂಗಳು ಕರೀಬೇಕು, ಇಷ್ಟು ಕೇಳಿದ್ರೆ ಉತ್ತರ ಕೊಡ್ಲೇಬೇಕಾಗ್ತದೆ.

ಮನವಿಯನ್ನು ಕಚೇರಿಯ ಟಪಾಲು ವಿಭಾಗದಲ್ಲಿ ಕೊಟ್ಟು ನಿಮ್ಮ ಪ್ರತಿಗೆ ಸೀಲು, ದಿನಾಂಕ ಹಾಕಿಸಿ. ಸಾಹೇಬರ ಕೈಯಲ್ಲಿ ಕೊಟ್ಟು ಫೋಟೋ ತೆಗೆದ್ರೆ ಅದು ದಾಖಲೆ ಅಲ್ಲ. ಹಿಂಬರಹ, ಅಂದ್ರೆ ಕಚೇರಿಯ ಲಿಖಿತ ಉತ್ತರ, ಕೊಡಿ ಅಂತ ಮನವಿಯಲ್ಲೇ ಬರೀರಿ. ಬಾರದಿದ್ರೆ ಮಾಹಿತಿ ಹಕ್ಕಿನ ಅರ್ಜಿ, ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಒಳಗೆ. ಇದನ್ನು ಮೀರಿ ಎಲ್ಲ ಒಟ್ಟಿಗೆ ಕೇಳಿದವರದ್ದು ಸುಲಭದಲ್ಲಿ ತಿರಸ್ಕಾರ ಆಗ್ತದೆ. ಯಾಕೆ ಮಾಡಲಿಲ್ಲ ಅಂತ ಕೇಳುದಲ್ಲ, ಲಾಗ್ ಬುಕ್ಕಿನ ಇಂಥ ತಿಂಗಳ ಪ್ರತಿ ಕೊಡಿ ಅಂತ ಕೇಳುದು.

ಈಗ ಓಟಿನ ಲೆಕ್ಕ. ಪಾಲಿಕೆಯ ಹೊರಗೆ ಗ್ರಾಮ ಪಂಚಾಯತಿನಲ್ಲಿ ಸುಮಾರು 400 ಜನಸಂಖ್ಯೆಗೆ ಒಬ್ಬ ಸದಸ್ಯ, ಪಕ್ಷದ ಚಿಹ್ನೆ ಇಲ್ಲ. ಅಲ್ಲಿ 40 ಮನೆ ಒಂದೇ ಮಾತು ಹೇಳಿದ್ರೆ ಫಲಿತಾಂಶವೇ ಬದಲಾಗ್ತದೆ. ಹಸಿರು ರಾಜಕೀಯ ನಮ್ಮಲ್ಲಿ ಬೇರು ಬಿಟ್ರೆ ಅಲ್ಲಿಂದಲೇ ಅಂತ ನಾನು ಗಟ್ಟಿಯಾಗಿ ನಂಬ್ತೇನೆ. ಪಂಚಾಯತಿನ ಕೈಯಲ್ಲಿ ಹಣ ಇಲ್ಲ ಅಂತಲೂ ಪೂರ್ತಿ ಹೇಳ್ಲಿಕ್ಕಿಲ್ಲ, 15ನೇ ಹಣಕಾಸು ಆಯೋಗದ 2021-26ರ ಅನುದಾನದಲ್ಲಿ ಶೇಕಡ 60 ಕುಡಿಯುವ ನೀರು, ಮಳೆನೀರು ಕೊಯ್ಲು, ನೈರ್ಮಲ್ಯಕ್ಕೇ ಅಂತ ಮೀಸಲಿತ್ತು. ಉಡುಪಿ ಜಿಲ್ಲೆಯ ವಂಡ್ಸೆಯ ಕಸದ ಘಟಕ, ನಿಟ್ಟೆಯಲ್ಲಿ ದಿನಕ್ಕೆ 10 ಟನ್ ಒಣಕಸ ವಿಂಗಡಿಸುವ ಘಟಕ, ಇವೆಲ್ಲ ಪಂಚಾಯತ್ ಮಟ್ಟದಲ್ಲೇ ನಿಂತ ಕೆಲಸಗಳು. ಗ್ರಾಮ ಸಭೆಯಲ್ಲಿ ಬಾಯಲ್ಲಿ ಹೇಳಿ ಬಂದ್ರೆ ಆಗುದಿಲ್ಲ, ನಡಾವಳಿ ಪುಸ್ತಕದಲ್ಲಿ ನಿರ್ಣಯ ಅಂತ ಬರೆಸಿ, ಕ್ರಿಯಾಯೋಜನೆಗೆ ಸೇರಿತಾ ಅಂತ ಮತ್ತೆ ನೋಡ್ಬೇಕು.

ವಿಧಾನಸಭೆ, ಲೋಕಸಭೆಯದ್ದಾದ್ರೆ ಫಾರಂ 20 ಅಂತ ಉಂಟು, ಪ್ರತಿ ಬೂತಿನಲ್ಲಿ ಯಾರಿಗೆ ಎಷ್ಟು ಬಿತ್ತು ಅಂತ ಲೆಕ್ಕ. ರಾಜ್ಯದ ಮುಖ್ಯ ಚುನಾವಣಾಧಿಕಾರಿಯ ವೆಬ್‌ಸೈಟಿನಲ್ಲಿ ಸಿಗ್ತದೆ. ನಮ್ಮ ಬೂತಿನ ಅಂತರ ಎಷ್ಟು, ಮನವಿಗೆ ಸಹಿ ಹಾಕಿದ ಮತದಾರರು ಎಷ್ಟು, ಎರಡನ್ನೂ ಒಂದೇ ಹಾಳೆಯಲ್ಲಿ ಬರೆದು ಎಲ್ಲ ಅಭ್ಯರ್ಥಿಗಳಿಗೂ ಕೊಡಿ. ಒಬ್ಬರಿಗೆ ಮಾತ್ರ ಕೊಟ್ರೆ ಅದು ಪಕ್ಷದ ಕೆಲಸ ಅಂತ ಆಗಿ ಅರ್ಧ ಮನೆ ಹಿಂದೆ ಸರೀತದೆ. ಚುನಾವಣೆ ಘೋಷಣೆಗೆ ಮೊದಲೇ ಇದೆಲ್ಲ ಆಗ್ಬೇಕು. ನೀತಿ ಸಂಹಿತೆ ಬಂದ ಮೇಲೆ ಅಧಿಕಾರಿಗಳು ಹೊಸ ಕೆಲಸ ಮಂಜೂರು ಮಾಡ್ಲಿಕ್ಕಿಲ್ಲ. ಅಭ್ಯರ್ಥಿ ಹತ್ರ ಸಹಿ ಹಾಕಿದ ಉತ್ತರ ಕೇಳಿ, ಹೌದು ಅಂತಾದ್ರೂ ಅಲ್ಲ ಅಂತಾದ್ರೂ. ಯಾರು ಯಾರಿಗೆ ಓಟು ಹಾಕ್ಬೇಕು ಅಂತ ಗ್ರೂಪಿನಲ್ಲಿ ಹೇಳುದು ಬೇಡ, ಉತ್ತರಗಳನ್ನು ಹಾಗೆಯೇ ಹಾಕುವ, ಓದಿದವರು ತೀರ್ಮಾನ ಮಾಡ್ಲಿ.

ಬಹಿಷ್ಕಾರಕ್ಕೆ ನಾನು ಖಂಡಿತ ಒಪ್ಪುದಿಲ್ಲ ಗಣೇಶಣ್ಣ. ಬ್ಯಾನರ್ ಕಟ್ಟಿದ ಕೂಡ್ಲೆ ಅಧಿಕಾರಿಗಳು ಬಂದು ಬಾಯಲ್ಲಿ ಭರವಸೆ ಕೊಡ್ತಾರೆ, ಬ್ಯಾನರ್ ಇಳೀತದೆ, ಕಾಗದದಲ್ಲಿ ಎಂತದೂ ಉಳಿಯುದಿಲ್ಲ. ಓಟು ಹಾಕದೇ ಉಳಿದ್ರೆ ಮುಂದಿನ ಸಲ ನಮ್ಮನ್ನು ಲೆಕ್ಕಕ್ಕೆ ಹಿಡಿಯುದೂ ಇಲ್ಲ. ನೋಟಾ ಸುಪ್ರೀಂ ಕೋರ್ಟಿನ 2013ರ ತೀರ್ಪಿನಿಂದ ಬಂದದ್ದು, ಆದ್ರೆ ನೋಟಾಕ್ಕೇ ಹೆಚ್ಚು ಬಿದ್ರೂ ಅದರ ನಂತರ ಹೆಚ್ಚು ಓಟು ಪಡೆದ ಅಭ್ಯರ್ಥಿಯೇ ಗೆಲ್ಲುದು. ಯಾವ ಕಾರಣಕ್ಕೆ ಒತ್ತಿದ್ದು ಅಂತ ಅದರಲ್ಲಿ ಬರೆದಿರುದಿಲ್ಲ.

ಕೊನೆಗೆ ಒಂದು, ಚುನಾವಣೆ ಇಲ್ಲದ ವರ್ಷಗಳಲ್ಲೂ ಜನರ ಮಾತಿಗೆ ಕಾನೂನಿನಲ್ಲಿ ಜಾಗ ಉಂಟು. 2006ರ ಪರಿಸರ ಪರಿಣಾಮ ಅಧಿಸೂಚನೆಯಲ್ಲಿ ಬರುವ ದೊಡ್ಡ ಯೋಜನೆಗಳಲ್ಲಿ ಹೆಚ್ಚಿನವಕ್ಕೆ ಸಾರ್ವಜನಿಕ ಅಹವಾಲು ಸಭೆ ಮಾಡ್ಬೇಕು. ಪೇಪರಿನಲ್ಲಿ ಕನಿಷ್ಠ 30 ದಿನ ಮೊದಲು ಪ್ರಕಟಣೆ, ಜಿಲ್ಲಾಧಿಕಾರಿ ಅಥವಾ ಅವರ ಪ್ರತಿನಿಧಿ ಅಧ್ಯಕ್ಷತೆ, ಪೂರ್ತಿ ವಿಡಿಯೋ, ಕಂಪೆನಿಯ ಪರಿಸರ ಪರಿಣಾಮ ವರದಿಯ ಸಾರಾಂಶ ಕನ್ನಡದಲ್ಲಿ. ಇಷ್ಟೇ ಜನ ಬರಬೇಕು ಅಂತ ಕೋರಂ ಇಲ್ಲ, ಹತ್ತೇ ಜನ ಬಂದ್ರೂ ಸಭೆ ಆಯ್ತು ಅಂತಲೇ ಲೆಕ್ಕ. ಘೋಷಣೆ ಕೂಗಿ ಎದ್ದು ಬಂದ್ರೆ ನಡಾವಳಿಯಲ್ಲಿ ನಮ್ಮ ಪ್ರಶ್ನೆ ಇರುದಿಲ್ಲ. ಪ್ರಶ್ನೆ ದಾಖಲಾದ್ರೆ ಮಾತ್ರ ಕಂಪೆನಿ ಅಂತಿಮ ವರದಿಯಲ್ಲಿ ಉತ್ತರ ಕೊಡ್ಬೇಕಾಗ್ತದೆ. ವರದಿಯಲ್ಲಿ ನೀರು, ಗಾಳಿಯ ಲೆಕ್ಕ ಯಾವ ತಿಂಗಳು ತೆಗೆದದ್ದು ಅಂತ ಮೊದಲು ನೋಡಿ. ಸಾಮಾನ್ಯವಾಗಿ ಮಳೆಗಾಲ ಬಿಟ್ಟು ಒಂದೇ ಋತುವಿನದ್ದು ಇರ್ತದೆ, ನಮ್ಮ ಕರಾವಳಿಯ ನೆರೆ ನೀರು ಎಲ್ಲಿ ಹೋಗ್ತದೆ ಅಂತ ಅದರಲ್ಲಿ ಕಾಣುದೇ ಇಲ್ಲ. ಸಭೆಯ ಕೊನೆಗೆ ನಡಾವಳಿಯನ್ನು ಕನ್ನಡದಲ್ಲಿ ಓದಿ ಹೇಳ್ಬೇಕು, ಅಷ್ಟರವರೆಗೆ ಕೂತುಕೊಳ್ಳಿ, ಬಿಟ್ಟದ್ದನ್ನು ಆಗಲೇ ಸೇರಿಸ್ಲಿಕ್ಕೆ ಹೇಳಿ. ಅನುಮತಿ ಸಿಕ್ಕಿದ ಮೇಲೆ ಹಸಿರು ನ್ಯಾಯಾಧಿಕರಣಕ್ಕೆ ಮೇಲ್ಮನವಿಗೆ ಇರುದು 30 ದಿನ, ಸರಿಯಾದ ಕಾರಣ ಇದ್ರೆ ಇನ್ನು 60 ದಿನ, ಅದರ ಮೇಲೆ ಬಾಗಿಲು ಮುಚ್ಚಿತು. ಅಂಥ ಪ್ರಕಟಣೆ ಯಾರಿಗಾದ್ರೂ ಪೇಪರಿನಲ್ಲಿ ಕಂಡ್ರೆ ತಾರೀಕು ಕಾಣುವ ಹಾಗೆ ಫೋಟೋ ತೆಗೆದು ಅದೇ ದಿನ ಇಲ್ಲಿ ಹಾಕಿ. ಶಾಂತಕ್ಕ, ಐದು ಬಾವಿ ಯಾವುದು ಅಂತ ನೀವು ಮನೆಯವರ ಹತ್ರ ಕೇಳಿ ಬರೆದಿಡಿ, ಬಾಟ್ಲಿಯನ್ನು ಲ್ಯಾಬಿನಿಂದ ಮೊದಲೇ ತರಿಸುವ.