ಯಾವ ಬೆಲೆಗೆ ಯಾವ ವೈನ್? ಕೇಳಿ, ವೈನ್ ಆರಿಸುವವರು ಹೇಳುತ್ತಾರೆ

ಪ್ರಶ್ನೆ: ನಮಸ್ಕಾರ ಸರ್. ಅಂಗಡಿಗಳಿಗೆ ವೈನ್ ಆರಿಸಿಕೊಡುವುದೇ ನಿಮ್ಮ ಕೆಲಸ ಅಂತ ಈ ಗುಂಪಿನಲ್ಲೇ ಓದಿದೆ. ಕಪಾಟಿನ ಮುಂದೆ ನಿಂತರೆ ನನಗೆ ತಲೆ ಕೆಡುತ್ತದೆ. ಆಗಾಗ ಕುಡಿಯಲು ಅಗ್ಗದ್ದು, ಯಾರಾದರೂ ಮನೆಗೆ ಬಂದಾಗ ನಡುವಿನ ಬೆಲೆಯದ್ದು, ಅಪರೂಪಕ್ಕೊಂದು ದುಬಾರಿಯದ್ದು ಬೇಕು. ಏನು ನೋಡಿ ಕೊಳ್ಳಲಿ? ಬೆಲೆ ಜಾಸ್ತಿ ಆದಷ್ಟೂ ರುಚಿ ಜಾಸ್ತಿ ಆಗುತ್ತಾ?

ಉತ್ತರ: ಒಂದು ಮಟ್ಟದವರೆಗೆ ಹೌದು. ಆಮೇಲೆ ಇಲ್ಲ.

ಬಾಟಲಿ, ಬಿರಡೆ, ಲೇಬಲ್, ಸಾಗಣೆ, ಇವುಗಳ ಖರ್ಚು ಅತಿ ಅಗ್ಗದ ವೈನಿಗೂ ಅದಕ್ಕಿಂತ ಸ್ವಲ್ಪ ಮೇಲಿನದಕ್ಕೂ ಹೆಚ್ಚುಕಡಿಮೆ ಒಂದೇ. ಹಾಗಾಗಿ ಕೆಳಗಿನ ಕಪಾಟಿನ ಬಾಟಲಿಗೆ ಕೊಟ್ಟ ದುಡ್ಡಿನಲ್ಲಿ ವೈನಿನ ಪಾಲು ತೀರಾ ಸಣ್ಣದು. ಅಲ್ಲಿಂದ ಒಂದೇ ಮೆಟ್ಟಿಲು ಮೇಲೆ ಹತ್ತಿದರೆ ಆ ಪಾಲು ಥಟ್ಟನೆ ಏರುತ್ತದೆ. ಜೇಬಿಗೆ ಇಷ್ಟು ಲಾಭ ಕೊಡುವ ಮೆಟ್ಟಿಲು ಇನ್ನೊಂದಿಲ್ಲ. ನಡುವಿನ ಬೆಲೆಯಲ್ಲಿ ನೀವು ಒಳ್ಳೆಯ ಹಣ್ಣಿಗೆ, ಕಡಿಮೆ ಇಳುವರಿಗೆ, ಓಕ್ ಪೀಪಾಯಿಗೆ ಕೊಡುತ್ತೀರಿ. 225 ಲೀಟರಿನ ಒಂದು ಪೀಪಾಯಿಯಿಂದ ಸಿಗುವುದು ಬರೀ 300 ಬಾಟಲಿ. ಹೊಸ ಪೀಪಾಯಿಯಾದರೆ ಖರ್ಚು ಎಷ್ಟು ಏರುತ್ತದೆ ನೀವೇ ಲೆಕ್ಕ ಹಾಕಿ. ಅದರಾಚೆಗೆ ಕೊಡುವುದೆಲ್ಲ ಬಹುಮಟ್ಟಿಗೆ ಹೆಸರಿಗೆ, ಸರಕು ಕಡಿಮೆ ಇದೆ ಅನ್ನುವುದಕ್ಕೆ.

2008ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಬೆಲೆ, ಹೆಸರು ಎರಡನ್ನೂ ಮರೆಮಾಡಿ 6,000ಕ್ಕೂ ಹೆಚ್ಚು ಸಲ ರುಚಿ ನೋಡಿಸಿದ ಲೆಕ್ಕ ಅದರಲ್ಲಿತ್ತು. ತರಬೇತಿ ಇಲ್ಲದವರು ಸರಾಸರಿಯಲ್ಲಿ ದುಬಾರಿ ವೈನನ್ನು ಒಂಚೂರು ಕಡಿಮೆಯೇ ಇಷ್ಟಪಟ್ಟಿದ್ದರು! ಆದ್ದರಿಂದ ತುಟ್ಟಿ ಬಾಟಲಿ ಇಷ್ಟವಾಗಲಿಲ್ಲ ಅಂತ ಯಾರೂ ನಾಚಿಕೊಳ್ಳಬೇಕಿಲ್ಲ.

ನಾನು ಎಲ್ಲ ಬೆಲೆಗೂ ಒಂದೇ ಸೂತ್ರ ಇಟ್ಟುಕೊಂಡಿದ್ದೇನೆ. ದೊಡ್ಡ ಹೆಸರಿನ ಊರಿನ ಅತಿ ಅಗ್ಗದ ಬಾಟಲಿ ಬೇಡ. ಅದೇ ದುಡ್ಡಿಗೆ ಸಣ್ಣ ಹೆಸರಿನ ಊರಿನ ಅತ್ಯುತ್ತಮ ಬಾಟಲಿ ಸಿಗುತ್ತದೆ.

ಅಗ್ಗದಲ್ಲಿ ಕೆಂಪು ಬೇಕಾದರೆ ಅರ್ಜೆಂಟೀನಾದ ಮೆಂಡೋಸಾ ಪ್ರಾಂತ್ಯದ ಮಾಲ್ಬೆಕ್, ಸ್ಪೇನಿನ ಗಾರ್ನಾಚಾ, ಪೋರ್ಚುಗಲ್ಲಿನ ಕೆಂಪು ವೈನುಗಳನ್ನು ನೋಡಿ. ಬಿಳಿ ಬೇಕಾದರೆ ದಕ್ಷಿಣ ಆಫ್ರಿಕಾದ ಶೆನಿನ್ ಬ್ಲಾಂಕ್. ಅಗ್ಗದ ಪಿನೋ ನ್ವಾರ್ ಮಾತ್ರ ಮುಟ್ಟಬೇಡಿ. ಅದು ತೆಳು ಸಿಪ್ಪೆಯ, ಬೆಳೆಯಲು ರಗಳೆಯ ದ್ರಾಕ್ಷಿ. ಕಡಿಮೆ ಖರ್ಚಿನಲ್ಲಿ ಚೆನ್ನಾಗಿ ಬರುವುದು ತೀರಾ ಅಪರೂಪ. ಅಗ್ಗದ ಬಿಳಿ ವೈನಿನಲ್ಲಿ ಲೇಬಲ್ ಮೇಲಿನ ಇಸವಿ ಎಷ್ಟು ಹೊಸದೋ ಅಷ್ಟು ಒಳ್ಳೆಯದು.

ನನ್ನ ಕೇಳಿದರೆ ನಿಜವಾದ ಮಜಾ ಇರುವುದು ನಡುವಿನ ಬೆಲೆಯಲ್ಲಿ. ಇಲ್ಲಿ ದೊಡ್ಡ ವೈನುಗಳಿಗೆಲ್ಲ ಒಬ್ಬ ತಮ್ಮ ಇರುತ್ತಾನೆ. ಇಟಲಿಯ ಬ್ರುನೆಲ್ಲೊ ದಿ ಮೊಂಟಾಲ್ಚಿನೊ ತುಂಬಾ ದುಬಾರಿ. ಅದೇ ಊರಿನ, ಅದೇ ಸಾಂಜೊವೇಸೆ ದ್ರಾಕ್ಷಿಯ ರೊಸ್ಸೊ ದಿ ಮೊಂಟಾಲ್ಚಿನೊವನ್ನು ಎಳೆಯದಾಗಿರುವಾಗಲೇ ಮಾರುತ್ತಾರೆ, ಬೆಲೆಯೂ ಎಷ್ಟೋ ಕಡಿಮೆ. ಇಟಲಿಯದೇ ಇನ್ನೊಂದು ದುಬಾರಿ ಕೆಂಪು ಬರೋಲೊ, ಅದರ ಬದಲು ಅದೇ ನೆಬ್ಬಿಯೊಲೊ ದ್ರಾಕ್ಷಿಯ ಲಾಂಗೆ ನೆಬ್ಬಿಯೊಲೊ ತಗೊಳ್ಳಿ. ಬರೋಲೊವನ್ನು ಕನಿಷ್ಠ 38 ತಿಂಗಳು ಇಟ್ಟು ಮಾಗಿಸಲೇಬೇಕು, ಅದರಲ್ಲಿ 18 ತಿಂಗಳು ಮರದ ಪೀಪಾಯಿಯಲ್ಲೇ. ಆ ಕಾಯುವಿಕೆಗೂ ನೀವೇ ದುಡ್ಡು ತೆರುತ್ತೀರಿ, ಅಲ್ವಾ? ಫ್ರಾನ್ಸಿನ ಬೊಜೊಲೆಯಲ್ಲಿ ಮೊರ್ಗೊನ್, ಫ್ಲರಿ ಥರದ ಹತ್ತು ಊರುಗಳಿವೆ, ಅವುಗಳ ವೈನಿಗೆ ಊರಿನದೇ ಹೆಸರು. ಗುಣಕ್ಕೆ ಹೋಲಿಸಿದರೆ ಅವು ಈಗಲೂ ಅಗ್ಗ.

ನೊರೆ ವೈನಿಗೂ ಇದೇ ಮಾತು. ಸ್ಪೇನಿನ ಕಾವಾ, ಫ್ರಾನ್ಸಿನ ಕ್ರೆಮಾನ್ ಎರಡೂ ಶಾಂಪೇನಿನ ಹಾಗೆ ಬಾಟಲಿಯೊಳಗೇ ಎರಡನೇ ಸಲ ಹುದುಗುತ್ತವೆ. ತೀರಾ ಅಗ್ಗದ ಶಾಂಪೇನ್ ಕೊಳ್ಳುವ ಬದಲು ಒಳ್ಳೆಯ ಕ್ರೆಮಾನ್ ಕೊಂಡರೆ ಗೆದ್ದಿರಿ.

ದುಬಾರಿಯದ್ದರಲ್ಲಿ ಊರಿಗಿಂತ ತಯಾರಕರು ಮುಖ್ಯ. ಫ್ರಾನ್ಸಿನ ಬರ್ಗಂಡಿಯಲ್ಲಂತೂ ಅಸಡ್ಡೆಯಿಂದ ಮಾಡಿದ ಊರ ಹೆಸರಿನ ಬಾಟಲಿಗಿಂತ ಗಟ್ಟಿ ತಯಾರಕರ ಮಾಮೂಲಿ ಬುರ್ಗೋನ್ (ಇಡೀ ಪ್ರದೇಶದ ಹೆಸರು ಹೊತ್ತ ವೈನ್) ಮೇಲು. ಫ್ರಾನ್ಸಿನದೇ ಬೋರ್ಡೊದಲ್ಲಿ 1855ರಲ್ಲಿ ಮಾಡಿದ ದರ್ಜೆಗಳ ಪಟ್ಟಿ ಇಂದಿಗೂ ಬೆಲೆ ಕಟ್ಟುತ್ತಿದೆ. ಆಮೇಲೆ ಅದರಲ್ಲಾದ ದೊಡ್ಡ ಬದಲಾವಣೆ ಒಂದೇ, 1973ರಲ್ಲಿ ಮೂತೋನ್ ಅನ್ನುವ ತಯಾರಕರು ಮೊದಲ ದರ್ಜೆಗೇರಿದ್ದು. ಪಟ್ಟಿ ನೋಡಿ ಕೊಳ್ಳುವವರು ಇದನ್ನು ನೆನಪಿಟ್ಟುಕೊಳ್ಳಿ.

ಪ್ರಶ್ನೆ (ಇನ್ನೊಬ್ಬ ಸದಸ್ಯೆ): ಭಾರವಾದ ಬಾಟಲಿ, ಬುಡದಲ್ಲಿ ಆಳವಾದ ತಗ್ಗು, ಮೇಲೆ "ರಿಸರ್ವ್" ಅಂತ ಚಿನ್ನದ ಅಕ್ಷರ. ಇವೆಲ್ಲ ಒಳ್ಳೆಯ ವೈನಿನ ಗುರುತಾ ಸರ್?

ಉತ್ತರ: ಗಾಜು ಭಾರ ಇದ್ದರೆ ಗಾಜಿಗೆ ದುಡ್ಡು ಕೊಟ್ಟಿರಿ ಅಂತ ಅರ್ಥ ಮೇಡಂ, ಅಷ್ಟೇ. ತಗ್ಗೂ ಏನೂ ಹೇಳುವುದಿಲ್ಲ. "ರಿಸರ್ವ್" ಅನ್ನುವುದು ದೇಶ ನೋಡಿಕೊಂಡು. ಅಮೆರಿಕದಲ್ಲಿ ಈ ಪದಕ್ಕೆ ದೇಶವ್ಯಾಪಿ ಕಾನೂನಿನ ಅರ್ಥವಿಲ್ಲ, ಯಾರು ಬೇಕಾದರೂ ಹಾಕಬಹುದು. ಸ್ಪೇನಿನಲ್ಲಿ ಹಾಗಲ್ಲ. ರಿಯೋಹಾದ ಕೆಂಪು ವೈನಿಗೆ "ರೆಸೆರ್ವಾ" ಅಂತ ಬರೆಯಬೇಕಾದರೆ ಅದು ಕನಿಷ್ಠ 3 ವರ್ಷ ಮಾಗಿರಬೇಕು, ಅದರಲ್ಲಿ 1 ವರ್ಷ ಓಕ್ ಪೀಪಾಯಿಯಲ್ಲಿ. "ಗ್ರಾನ್ ರೆಸೆರ್ವಾ"ಗೆ 5 ವರ್ಷ. ನಿಮ್ಮ ಬದಲು ಬೇರೆಯವರು ಕಾದು ಕೊಟ್ಟ ವೈನ್ ಅದು. ಆ ಕಾರಣಕ್ಕೇ ತಂದ ದಿನವೇ ತೆರೆಯುವ ದುಬಾರಿ ಬಾಟಲಿ ಯಾವುದು ಅಂತ ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಇದನ್ನೇ. ಎಳೆ ಬರೋಲೊ ತೆರೆದರೆ ಬಾಯೆಲ್ಲ ಒಗರು.

ಪ್ರಶ್ನೆ: ನನಗೆ ಒಗರೂ ಬೇಡ, ಹುಳಿಯೂ ಬೇಡ. ಸ್ವಲ್ಪ ಸಿಹಿ ಇರಲಿ. ಲೇಬಲ್ ನೋಡಿ ಗೊತ್ತಾಗುತ್ತಾ?

ಉತ್ತರ: ಮದ್ಯಾಂಶ ನೋಡಿ. ಹಣ್ಣಿನ ಸಕ್ಕರೆಯೇ ಹುದುಗಿ ಮದ್ಯವಾಗುವುದು. ಜರ್ಮನಿಯ ರೀಸ್ಲಿಂಗ್ ಮೇಲೆ ಶೇ. 8 ಅಂತಿದ್ದರೆ ಸಕ್ಕರೆ ಉಳಿದಿದೆ, ಸಿಹಿ ಸಿಗುತ್ತದೆ. "ಟ್ರೋಕೆನ್" ಅಂತಿದ್ದರೆ ಬಿಡಿ, ಅದರಲ್ಲಿ ಸಿಹಿ ಇಲ್ಲವೆನ್ನುವಷ್ಟು ಕಡಿಮೆ. ಲೇಬಲ್ ಮೇಲೆ "ಕಾಬಿನೆಟ್" ಅಂತ ಇದ್ದು "ಟ್ರೋಕೆನ್" ಇಲ್ಲದಿದ್ದರೆ ಅಲ್ಲಿಂದ ಶುರು ಮಾಡಿ. ಹುಳಿ ಪೂರ್ತಿ ಇಲ್ಲದಿದ್ದರೆ ಸಿಹಿ ವೈನ್ ಬರೀ ಪಾಕ. ಸ್ವಲ್ಪ ಸಹಿಸಿಕೊಳ್ಳಿ.

ಪ್ರಶ್ನೆ: ತಿರುಗಿಸುವ ಮುಚ್ಚಳದ್ದು ಕಡಿಮೆ ದರ್ಜೆಯದ್ದಲ್ವಾ? ಮತ್ತೆ, ಅಗ್ಗದ್ದನ್ನೇ ತಂದು ವರ್ಷಗಟ್ಟಲೆ ಇಟ್ಟರೆ ರುಚಿ ಏರುತ್ತಾ?

ಉತ್ತರ: ಎರಡಕ್ಕೂ ಇಲ್ಲ. ಆಸ್ಟ್ರೇಲಿಯಾದ ಕ್ಲೇರ್ ವ್ಯಾಲಿಯಲ್ಲಿ 2000ದ ಹೊತ್ತಿಗೆ ಒಳ್ಳೊಳ್ಳೆಯ ರೀಸ್ಲಿಂಗ್ ತಯಾರಕರೇ ಒಟ್ಟಾಗಿ ತಿರುಗಿಸುವ ಮುಚ್ಚಳಕ್ಕೆ ಬಂದರು. ಕೆಟ್ಟ ಬಿರಡೆಯಿಂದ ವೈನಿಗೆ ಮುಗ್ಗಲು ವಾಸನೆ ಹತ್ತುವುದು ಅವರಿಗೆ ಸಾಕಾಗಿತ್ತು. ಇನ್ನು ಅಗ್ಗದ ವೈನನ್ನು ಮಾಡುವುದೇ ಬೇಗ ಕುಡಿಯಲಿ ಅಂತ. ಒಂದೆರಡು ವರ್ಷದೊಳಗೆ ಮುಗಿಸಿ. ಇಟ್ಟರೆ ಹಣ್ಣಿನ ಘಮ ಹೋಗುತ್ತದೆ, ಬದಲಿಗೆ ಏನೂ ಬರುವುದಿಲ್ಲ.

ಪ್ರಶ್ನೆ (ಮೊದಲು ಕೇಳಿದವರು): ಹಾಗಾದರೆ ಈ ಸಲ ಒಂದು ರೊಸ್ಸೊ, ಒಂದು ಕ್ರೆಮಾನ್ ತರುತ್ತೇನೆ ಸರ್. ಕೆಂಪನ್ನು ಹೊರಗೇ ಇಡಬೇಕಲ್ವಾ?

ಉತ್ತರ: ಕೋಣೆ ಬೆಚ್ಚಗಿದ್ದರೆ ಬೇಡ. 16ರಿಂದ 18 ಡಿಗ್ರಿ ಸಾಕು. ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು ತೆಗೆಯಿರಿ. ಕ್ರೆಮಾನ್ ಮಾತ್ರ ಚೆನ್ನಾಗಿ ತಣ್ಣಗಿರಲಿ, ಇಲ್ಲದಿದ್ದರೆ ತೆರೆದ ಕೂಡಲೇ ಅರ್ಧ ಮೇಜಿನ ಪಾಲು.