ಅಪ್‌ಡೇಟ್: ತಮ್ಮನ ಮೇಲ್ಮನವಿ ದಾಖಲಾಯಿತು

ಹೋದ ತಿಂಗಳು ನನ್ನ ತಮ್ಮನ ಕೇಸಿನ ಬಗ್ಗೆ ಇಲ್ಲಿ ನಿಮ್ಮನ್ನೆಲ್ಲ ಕೇಳಿದ್ದೆ. ತಮ್ಮನಿಗೆ ಅವನ ಗೆಳೆಯನೊಬ್ಬ 85,000 ರೂಪಾಯಿ ನಗದು ಕೊಟ್ಟು, "ಅಮ್ಮನ ಆಪರೇಷನ್‌ಗೆ ಕೂಡಿಟ್ಟಿದ್ದು, ಎರಡು ದಿನ ನಿನ್ನ ಖಾತೆಯಲ್ಲಿರಲಿ" ಅಂದಿದ್ದ. ಅದು ಆ ಗೆಳೆಯ ತಾನು ಕೆಲಸಕ್ಕಿದ್ದ ಅಂಗಡಿಯಿಂದ ಕದ್ದ ದುಡ್ಡು. ಐಪಿಸಿ 411ರಡಿ, ಅಂದರೆ ಕದ್ದ ಮಾಲು ಅಂತ ಗೊತ್ತಿದ್ದೂ ಇಟ್ಟುಕೊಂಡ ಅಪರಾಧಕ್ಕೆ, ತಮ್ಮನಿಗೂ ಒಂದು ವರ್ಷ ಶಿಕ್ಷೆ ಆಯಿತು.

ಮೇಲ್ಮನವಿಗೆ ಇರುವ 30 ದಿನದ ಗಡುವು ದಾಟಬೇಡಿ ಅಂತ ನೀವೆಲ್ಲ ಎಚ್ಚರಿಸಿದ್ದು ಒಳ್ಳೆಯದಾಯಿತು. 26ನೇ ದಿನ ಸೆಷನ್ಸ್ ಕೋರ್ಟಿನಲ್ಲಿ ಮೇಲ್ಮನವಿ ಹಾಕಿದೆವು. ಅದು ತೀರ್ಮಾನ ಆಗುವವರೆಗೆ ಶಿಕ್ಷೆ ಅಮಾನತಿನಲ್ಲಿದೆ, ಜಾಮೀನೂ ಸಿಕ್ಕಿದೆ.

ಹೊಸ ವಕೀಲರು ತೀರ್ಪನ್ನು ಪೆನ್ಸಿಲ್ ಹಿಡಿದು ಓದಿದರು. ಒಂದು ಸಾಲಿನ ಕೆಳಗೆ ಎರಡು ಸಲ ಗೆರೆ ಎಳೆದರು: "ಆರೋಪಿಗೆ ಅನುಮಾನ ಬರಬೇಕಿತ್ತು." ಅನುಮಾನ ಸಾಲದು ಅಂದರು. ಕದ್ದ ಮಾಲು ಅಂತ ಗೊತ್ತಿತ್ತು, ಇಲ್ಲವೇ ಹಾಗೆ ನಂಬಲು ಸಾಕಷ್ಟು ಕಾರಣವಿತ್ತು ಅಂತ ಪ್ರಾಸಿಕ್ಯೂಷನ್ ಸಾಬೀತು ಮಾಡಬೇಕಂತೆ. ಶಿವಕುಮಾರ್ ವಿರುದ್ಧ ಮಧ್ಯಪ್ರದೇಶ ಕೇಸಿನಲ್ಲಿ 2022ರಲ್ಲಿ ಸುಪ್ರೀಂ ಕೋರ್ಟ್ ಕೂಡ ಈ ಅರಿವು ಸಾಬೀತಾಗಲೇಬೇಕು ಅಂದಿದೆ.

ನಮ್ಮ ಹತ್ತಿರ ಬ್ಯಾಂಕ್ ಸ್ಟೇಟ್‌ಮೆಂಟ್ ಇದೆ. 85,000 ಜಮಾ, ಎರಡನೇ ದಿನ ಅಷ್ಟೂ ವಾಪಸ್. ತಮ್ಮ ಒಂದು ರೂಪಾಯಿನೂ ಇಟ್ಟುಕೊಂಡಿಲ್ಲ. ಇದು ಕೆಳಗಿನ ಕೋರ್ಟಿನ ದಾಖಲೆಯಲ್ಲೇ ಇತ್ತು, ತೀರ್ಪಿನಲ್ಲಿ ಅದರ ಮಾತೇ ಇಲ್ಲ! ಅದು ನನಗೆ ಈಗಲೂ ಸಂಕಟ.

ಕೆಳಗಿನ ಕೋರ್ಟಿನ ಕಡತ ಬಂದ ಮೇಲೆ ವಾದ ಶುರು. ನಿನ್ನೆ ರಾತ್ರಿ ತಮ್ಮ ಎರಡನೇ ಸಲ ಅನ್ನ ಹಾಕಿಸಿಕೊಂಡ. ಅಮ್ಮ ಅಡುಗೆಮನೆಗೆ ಹೋಗಿ ಕಣ್ಣೊರೆಸಿಕೊಂಡರು.