13 ವರ್ಷದ ಮಗನಿಗೆ ಗ್ರೋತ್ ಹಾರ್ಮೋನ್ ಇಂಜೆಕ್ಷನ್: ಈಗಲೇ ಶುರು ಮಾಡಬೇಕಾ, ಕಾಯಬಹುದಾ?

ಚಿಂತಾಮಣಿ ಅಮ್ಮ:
ಮಗ ಎಂಟನೇ ಕ್ಲಾಸು, ನೋಡಿದರೆ ಐದನೇ ಕ್ಲಾಸಿನವನ ಹಾಗಿದ್ದಾನೆ. ವರ್ಷಕ್ಕೆ 3 ಸೆಂ.ಮೀ. ಕೂಡ ಬೆಳೆಯುತ್ತಿಲ್ಲ. ಬೆಂಗಳೂರಿನಲ್ಲಿ ಪರೀಕ್ಷೆ ಮಾಡಿ, ಗ್ರೋತ್ ಹಾರ್ಮೋನ್ ಕಡಿಮೆ ಇದೆ, ದಿನಾ ರಾತ್ರಿ ಇಂಜೆಕ್ಷನ್ ಕೊಡಬೇಕು ಅಂದರು. ನಮ್ಮ ಅತ್ತೆ, ಇವನ ತಾತನೂ ಲೇಟಾಗಿ ಬೆಳೆದವರೇ, ಮಗೂಗೆ ಸುಮ್ನೆ ಸೂಜಿ ಚುಚ್ಚಬೇಡ ಅಂತಾರೆ. ಕಾಯಬಹುದಾ? ಇಲ್ಲಿ ಕರೆಂಟ್ ಬೇರೆ ಹೋಗುತ್ತಾ ಇರುತ್ತೆ, ಔಷಧಿ ಕೆಡಲ್ವಾ?

ಶಿರಾ ಅಪ್ಪ:
ಅಕ್ಕ, ನಮ್ಮ ಮಗಳಿಗೂ ಇದೇ ನಡೆಯುತ್ತಿದೆ. ಪೆನ್ ಥರ ಇರುತ್ತೆ, ಸೂಜಿ ತುಂಬಾ ಸಣ್ಣದು, ತೊಡೆ ಹೊಟ್ಟೆ ಅಂತ ದಿನಾ ಜಾಗ ಬದಲಾಯಿಸಿ ಕೊಡಬೇಕು. ಫ್ರಿಜ್‌ನಲ್ಲಿ 2ರಿಂದ 8 ಡಿಗ್ರಿ ಇರಬೇಕು, ಫ್ರೀಜರ್‌ನಲ್ಲಿ ಮಾತ್ರ ಇಡಬೇಡಿ, ಗಟ್ಟಿಯಾದರೆ ಬಿಸಾಕಬೇಕು. ಕರೆಂಟ್ ಹೋದರೆ ಫ್ರಿಜ್ ಬಾಗಿಲು ತೆಗೆಯಬೇಡಿ. ಖರ್ಚು ಮಾತ್ರ ಜಾಸ್ತಿ, ಡೋಸ್ ತೂಕದ ಮೇಲೆ ಹೋಗುವುದರಿಂದ ಮಗು ಬೆಳೆದ ಹಾಗೆ ಬಿಲ್ಲೂ ಬೆಳೆಯುತ್ತೆ, ಮೊದಲೇ ಕೇಳಿಕೊಳ್ಳಿ.

ಕೋಲಾರದ ಮಕ್ಕಳ ಡಾಕ್ಟರ್:
ಲೇಟಾಗಿ ಬೆಳೆಯುವ ಮಕ್ಕಳೂ ಇದ್ದಾರೆ ತಾಯಿ, ಅತ್ತೆ ಹೇಳಿದ್ದು ಸುಳ್ಳಲ್ಲ. ಆದರೆ ಅಂಥವರು ಸಾಮಾನ್ಯವಾಗಿ ವರ್ಷಕ್ಕೆ 4–5 ಸೆಂ.ಮೀ. ಆದರೂ ಬೆಳೆಯುತ್ತಾರೆ. ಈ ಹಾರ್ಮೋನ್ ರಕ್ತಕ್ಕೆ ಆಗಾಗ ಬಂದು ಹೋಗುತ್ತೆ, ಹೆಚ್ಚಾಗಿ ನಿದ್ದೆಯಲ್ಲಿ. ಹಾಗಾಗಿ ಒಂದೇ ಸಲ ರಕ್ತ ತೆಗೆದು ನೋಡಿದರೆ ಏನೂ ಗೊತ್ತಾಗಲ್ಲ. ಔಷಧಿ ಕೊಟ್ಟು ಕೆಲವು ಗಂಟೆ ಮತ್ತೆ ಮತ್ತೆ ರಕ್ತ ತೆಗೆಯುವ ಪರೀಕ್ಷೆ ಮಾಡಿದರಾ? ಥೈರಾಯ್ಡ್ ನೋಡಿದರಾ? ಎಡಗೈ ಎಕ್ಸ್‌ರೇಯಲ್ಲಿ ಮೂಳೆಯ ವಯಸ್ಸು, ಅಂದರೆ ಮೂಳೆ ಎಷ್ಟು ವರ್ಷದ ಮಗುವಿನಷ್ಟು ಬೆಳೆದಿದೆ ಅಂತ, ಎಷ್ಟು ಬಂತು?

ಚಿಂತಾಮಣಿ ಅಮ್ಮ:
ಆ ಪರೀಕ್ಷೆ ಮಾಡಿದರು ಸರ್, ಬೆಳಿಗ್ಗೆಯಿಂದ ಕೂರಿಸಿಕೊಂಡಿದ್ದರು. ಥೈರಾಯ್ಡ್ ಸರಿ ಇದೆ. ಮೂಳೆ ವಯಸ್ಸು 10 ಅಂತ ಬರೆದಿದೆ.

ಕೋಲಾರದ ಮಕ್ಕಳ ಡಾಕ್ಟರ್:
ಹಾಗಾದರೆ ಕಾಯಬೇಡಿ. ಬೆಳೆಯಲು ಇನ್ನೂ ಜಾಗ ಇದೆ, ಆದರೆ ಹದಿಹರೆಯದ ಬೆಳವಣಿಗೆ ಮುಗಿದು ಮೂಳೆಯ ತುದಿಗಳು ಕೂಡಿಕೊಂಡ ಮೇಲೆ ಎಷ್ಟು ಇಂಜೆಕ್ಷನ್ ಕೊಟ್ಟರೂ ಎತ್ತರ ಬರಲ್ಲ. ಮೊದಲ ವರ್ಷವೇ ವ್ಯತ್ಯಾಸ ಚೆನ್ನಾಗಿ ಕಾಣುತ್ತೆ, ಆಮೇಲೆ ವೇಗ ಸ್ವಲ್ಪ ಕಡಿಮೆ ಆಗುತ್ತೆ, ಆಗ ಬಿಟ್ಟುಬಿಡಬೇಡಿ. ವಿಪರೀತ ತಲೆನೋವು, ಕಣ್ಣು ಮಂಜು, ಸೊಂಟ ಅಥವಾ ಮಂಡಿ ನೋವಿನಿಂದ ಕುಂಟುವುದು ಕಂಡರೆ ಅವತ್ತೇ ಡಾಕ್ಟರ್‌ಗೆ ತಿಳಿಸಿ. ಟಿವಿಯಲ್ಲಿ ಬರುವ ಎತ್ತರದ ಪೌಡರ್‌ಗೆ ದುಡ್ಡು ಹಾಕಬೇಡಿ, ಅದು ಈ ಹಾರ್ಮೋನ್ ಕೊಡಲ್ಲ.